ದೇಹಸ್ಥಾಪಿತ ವಿದ್ಯುನ್ಮಾನ ಸಾಧನಗಳು

ದೇಹಸ್ಥಾಪಿತ ವಿದ್ಯುನ್ಮಾನ ಸಾಧನಗಳು ಎಂದರೆ, ಶಸ್ತ್ರಕ್ರಿಯೆಯಿಂದಲೋ ಸೂಜಿಯ ಮುಖಾಂತರವೋ ಮಾನವ ಶರೀರದ ಒಳಗೆ ಇರಿಸಲ್ಪಟ್ಟು, ಅಲ್ಲಿ ನಡೆಯುವ ಭೌತ, ರಾಸಾಯನಿಕ ಅಥವಾ ವೈದ್ಯುತ ವ್ಯಾಪಾರಗಳನ್ನು ಅಳೆದು ಹೊರಗೆ ತಿಳಿಸುವ, ಇಲ್ಲವೆ ಶಕ್ತಿಗುಂದಿದ ಅಂಗವೊಂದನ್ನು ವಿದ್ಯುತ್ ಸ್ಪಂದಗಳಿಂದ ಪ್ರಚೋದಿಸಿ ಅದರ ಕಾರ್ಯವನ್ನು ಮರಳಿ ನಡೆಯಿಸುವ, ಅತ್ಯಲ್ಪ ಶಕ್ತಿಯನ್ನು ವ್ಯಯಿಸಿ ದೀರ್ಘಕಾಲ ಬಾಳುವ ಉಪಕರಣಗಳು. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರ್, ಕಿವುಡರಿಗೆ ಶ್ರವಣವನ್ನು ಒದಗಿಸುವ ಕಾಕ್ಲಿಯರ್ ಇಂಪ್ಲಾಂಟ್, ಪಾರ್ಕಿನ್ಸನ್ ರೋಗದ ನಡುಕವನ್ನು ತಗ್ಗಿಸುವ ಮೆದುಳಿನ ಪ್ರಚೋದಕ, ಸಕ್ಕರೆಯ ಅಂಶವನ್ನು ಎಡೆಬಿಡದೆ ಅಳೆಯುವ ಗ್ಲೂಕೋಸ್ ಸಂವೇದಕ ಇವು ಈ ವರ್ಗದ ಪ್ರಮುಖ ಪ್ರಭೇದಗಳು.

ವ್ಯಾಪ್ತಿ ಮತ್ತು ಪರಿಭಾಷೆ

ಕೃತಕ ಹೃದಯಕವಾಟ, ಕೀಲುಗಳಿಗೆ ಜೋಡಿಸುವ ಲೋಹದ ಭಾಗ, ರಕ್ತನಾಳವನ್ನು ತೆರೆದಿಡುವ ಸ್ಟೆಂಟು ಮೊದಲಾದುವು ದೇಹದೊಳಗೆ ನೆಲೆಗೊಂಡರೂ ವಿದ್ಯುಚ್ಛಕ್ತಿಯನ್ನು ಬಳಸುವುದಿಲ್ಲವಾದ ಕಾರಣ ಈ ಲೇಖನದ ವ್ಯಾಪ್ತಿಗೆ ಸೇರವು. ನುಂಗುವ ಗುಳಿಗೆಯ ರೂಪದ ಸಾಧನಗಳು ದೇಹದಲ್ಲಿ ನೆಲೆಸದೆ ಹಾದುಹೋಗುವುವಾದರೂ, ರಚನೆಯಲ್ಲಿಯೂ ಇತಿಹಾಸದಲ್ಲಿಯೂ ಇವುಗಳಿಗೆ ಹತ್ತಿರವಾಗಿರುವುದರಿಂದ ಇಲ್ಲಿಯೇ ಪರಿಗಣಿತವಾಗಿವೆ. ಶರೀರದ ಸ್ಥಿತಿಯೊಂದನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುವ ಭಾಗವನ್ನು ಸಂವೇದಕವೆಂದೂ, ಅಂಗಾಂಶಕ್ಕೆ ವಿದ್ಯುತ್ ಸ್ಪಂದವನ್ನು ಕೊಡುವ ಭಾಗವನ್ನು ಪ್ರಚೋದಕವೆಂದೂ, ಲೋಹವು ಅಂಗಾಂಶವನ್ನು ಮುಟ್ಟುವ ತುದಿಯನ್ನು ವಿದ್ಯುದ್ವಾರವೆಂದೂ, ಒಳಗಿನ ಅಳತೆಯನ್ನು ತಂತಿಯಿಲ್ಲದೆ ಹೊರಗೆ ರವಾನಿಸುವ ಕ್ರಿಯೆಯನ್ನು ದೂರಮಾಪನವೆಂದೂ ಇಲ್ಲಿ ಕರೆಯಲಾಗಿದೆ. ತಾನು ಅಳೆದುದನ್ನು ಆಧರಿಸಿ ತಾನೇ ಪ್ರಚೋದನೆಯನ್ನು ನಿರ್ಧರಿಸುವ ಸಾಧನಕ್ಕೆ ಸಂವೃತಮಂಡಲ ಸಾಧನವೆಂದು ಹೆಸರು. ಅಲ್ಪಶಕ್ತಿ ಎಂಬುದರ ಅರ್ಥ, ಒಟ್ಟು ವ್ಯಯ ಕೆಲವು ಮೈಕ್ರೋವಾಟ್‌ಗಳಿಂದ ಕೆಲವು ಹತ್ತು ಮಿಲಿವಾಟ್‌ಗಳವರೆಗೆ ಎಂದು ತಿಳಿಯತಕ್ಕುದು.

ಇತಿಹಾಸ

ಪ್ರಾಣಿದೇಹದಲ್ಲಿ ವಿದ್ಯುತ್ತಿನ ವ್ಯಾಪಾರವುಂಟೆಂಬ ಅರಿವು, ಇಟಲಿಯ ಬೊಲೋನ್ಯ ನಗರದ ಲೂಯಿಜಿ ಗಾಲ್ವಾನಿ ಕಪ್ಪೆಯ ಕಾಲುಗಳ ಮೇಲೆ ನಡೆಸಿ 1791ರಲ್ಲಿ ಪ್ರಕಟಿಸಿದ ಪ್ರಯೋಗಗಳಷ್ಟು ಹಳೆಯದು. ಆ ಅರಿವು ಚಿಕಿತ್ಸೆಯಾಗಿ ಪರಿಣಮಿಸಲು ಒಂದೂವರೆ ಶತಮಾನ ಹಿಡಿಯಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮಾರ್ಕ್ ಲಿಡ್‌ವಿಲ್ ಎಂಬ ವೈದ್ಯನು 1928ರಲ್ಲಿ ನಿಶ್ಚೇಷ್ಟವಾಗಿ ಹುಟ್ಟಿದ ಶಿಶುವಿನ ಹೃದಯಕ್ಕೆ ಸೂಜಿಯ ಮೂಲಕ ವಿದ್ಯುತ್ ಸ್ಪಂದಗಳನ್ನು ಕೊಟ್ಟು ಬದುಕಿಸಿದನು. ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ 1932ರಲ್ಲಿ, ಕೈಯಿಂದ ತಿರುಗಿಸಿ ಚಾಲಿಸುವ ಯಂತ್ರವೊಂದನ್ನು ವರ್ಣಿಸಿ ಅದಕ್ಕೆ ಕೃತಕ ಪೇಸ್‌ಮೇಕರ್ ಎಂಬ ಹೆಸರನ್ನಿತ್ತನು. ಬಾಸ್ಟನ್ನಿನ ಪಾಲ್ ಝೋಲ್ 1952ರಲ್ಲಿ ಎದೆಯ ಚರ್ಮದ ಮೇಲಿನಿಂದಲೇ ಹೃದಯವನ್ನು ಪ್ರಚೋದಿಸಬಹುದೆಂದು ತೋರಿಸಿದನು. ಇವೆಲ್ಲ ದೇಹದ ಹೊರಗೆ ಮೇಜಿನ ಮೇಲಿರುವ, ನಿರ್ವಾತ ಕವಾಟಗಳನ್ನೋ ಚಲಿಸುವ ಚಕ್ರಗಳನ್ನೋ ಅವಲಂಬಿಸಿದ ಯಂತ್ರಗಳಾಗಿದ್ದುವು. ಇವುಗಳಿಂದ ಕೆಲವು ಗಂಟೆ ಅಥವಾ ಕೆಲವು ದಿನ ಜೀವವನ್ನು ಹಿಡಿದಿಡಬಹುದಾಗಿತ್ತೇ ಹೊರತು ರೋಗಿಯು ಮನೆಗೆ ಹೋಗಿ ಬಾಳುವಂತಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದುದು 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಕಾಯಿಸುವ ತಂತಿಯಿಲ್ಲದೆ ಕೆಲವೇ ವೋಲ್ಟುಗಳಲ್ಲಿ ಕೆಲಸ ಮಾಡಬಲ್ಲ ಈ ಘಟಕವು ಬಂದೊಡನೆ ಬ್ಯಾಟರಿಯಿಂದ ನಡೆಯುವ ವೈದ್ಯಕೀಯ ಯಂತ್ರದ ಸಾಧ್ಯತೆ ತೆರೆಯಿತು. ಮಿನಿಯಾಪೊಲಿಸ್ ನಗರದಲ್ಲಿ ಹೃದಯ ಶಸ್ತ್ರಕ್ರಿಯೆಗೊಳಗಾದ ಮಕ್ಕಳನ್ನು ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಯಂತ್ರಗಳಿಂದ ಕಾಪಾಡುತ್ತಿದ್ದ ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯನು, 1957ರಲ್ಲಿ ನಗರದ ವಿದ್ಯುತ್ ಸರಬರಾಜು ನಿಂತುಹೋದ ಸಂದರ್ಭವೊಂದರ ತರುವಾಯ, ಅರ್ಲ್ ಬಾಕೆನ್ ಎಂಬ ಇಂಜಿನಿಯರನಲ್ಲಿ ಬ್ಯಾಟರಿಯ ಯಂತ್ರಕ್ಕಾಗಿ ಕೇಳಿಕೊಂಡನು. ಬಾಕೆನ್, ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಸಂಗೀತದ ತಾಳಯಂತ್ರದ ಎರಡು ಟ್ರಾನ್ಸಿಸ್ಟರುಗಳ ಮಂಡಲವನ್ನು ಮಾರ್ಪಡಿಸಿ, ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೆಲವೇ ವಾರಗಳಲ್ಲಿ ಸಿದ್ಧಪಡಿಸಿದನು.

ಪೂರ್ಣವಾಗಿ ದೇಹದೊಳಗೆ ಹುದುಗಿದ ಮೊದಲ ಪೇಸ್‌ಮೇಕರ್ ಸ್ವೀಡನ್ನಿನದು. ಸ್ಟಾಕ್‌ಹೋಮಿನ ಹೊರವಲಯದ ಕರೋಲಿನ್ಸ್ಕ ಆಸ್ಪತ್ರೆಯಲ್ಲಿ 1958ರ ಅಕ್ಟೋಬರ್ 8ರಂದು, ರುನೆ ಎಲ್ಮ್‌ಕ್ವಿಸ್ಟ್ ರಚಿಸಿದ ಸಾಧನವನ್ನು ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಆರ್ನೆ ಲಾರ್ಸನ್ ಎಂಬ ರೋಗಿಯ ಶರೀರದಲ್ಲಿ ಸ್ಥಾಪಿಸಿದನು. ಎರಡು ಟ್ರಾನ್ಸಿಸ್ಟರುಗಳೂ ಹೊರಗಿನಿಂದ ವಿದ್ಯುತ್ಕಾಂತೀಯ ಪ್ರೇರಣೆಯ ಮೂಲಕ ಮರುಪೂರಣ ಮಾಡಬಹುದಾದ ನಿಕೆಲ್-ಕ್ಯಾಡ್ಮಿಯಮ್ ಕೋಶಗಳೂ ಇದ್ದ ಆ ಸಾಧನವನ್ನು ಎಪಾಕ್ಸಿ ರಾಳದಲ್ಲಿ ಎರಕ ಹೊಯ್ದಿದ್ದರು. ಅಚ್ಚಿಗಾಗಿ ಬಳಸಿದುದು ಬೂಟು ಪಾಲಿಷಿನ ತಗಡಿನ ಡಬ್ಬಿ. ಮೊದಲನೆಯದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಬದಲಿಗೆ ಇಟ್ಟ ಎರಡನೆಯದೂ ಹೆಚ್ಚು ಕಾಲ ಬಾಳಲಿಲ್ಲ. ಆದರೂ ಲಾರ್ಸನ್ ಮುಂದಿನ ದಶಕಗಳಲ್ಲಿ ಇಪ್ಪತ್ತಕ್ಕೂ ಮಿಕ್ಕ ಸಾಧನಗಳನ್ನು ಒಂದಾದ ಮೇಲೊಂದರಂತೆ ಧರಿಸಿ, ಎಲ್ಮ್‌ಕ್ವಿಸ್ಟ್ ಮತ್ತು ಸೆನ್ನಿಂಗ್ ಇಬ್ಬರ ನಿಧನಾನಂತರವೂ ಬದುಕಿದ್ದು, 2001ರಲ್ಲಿ ತನ್ನ 86ನೆಯ ವಯಸ್ಸಿನಲ್ಲಿ ಹೃದಯಕ್ಕೆ ಸಂಬಂಧಿಸದ ಕಾರಣದಿಂದ ತೀರಿಕೊಂಡನು.

ಅದೇ ವರ್ಷಗಳಲ್ಲಿ ಅಮೆರಿಕದ ಬಫಲೋ ನಗರದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಇಂಜಿನಿಯರನು, ಹೃದಯದ ಸದ್ದನ್ನು ದಾಖಲಿಸುವ ಮಂಡಲವೊಂದನ್ನು ಕಟ್ಟುವಾಗ ತಪ್ಪು ಬೆಲೆಯ ರೋಧಕವನ್ನು ಜೋಡಿಸಿದ್ದರಿಂದ, ಆ ಮಂಡಲವು ನಿಯತಕಾಲಕ್ಕೆ ಒಂದೊಂದು ಸ್ಪಂದವನ್ನು ಹೊರಡಿಸುವುದನ್ನು ಕಂಡು, ಅದರಿಂದ ಪೇಸ್‌ಮೇಕರನ್ನು ರೂಪಿಸಿದನು. ವಿಲಿಯಂ ಚಾರ್ಡಾಕ್ ಮತ್ತು ಆಂಡ್ರೂ ಗೇಜ್ ಎಂಬ ವೈದ್ಯರೊಡನೆ 1960ರಲ್ಲಿ ಅದು ರೋಗಿಗಳಲ್ಲಿ ಸ್ಥಾಪಿತವಾಯಿತು. ಆ ಸಾಧನಗಳ ಪಾದರಸ-ಸತು ಕೋಶಗಳಿಗೆ ಎರಡು ದೋಷಗಳಿದ್ದುವು. ಆಯುಷ್ಯ ಸುಮಾರು ಎರಡು ವರ್ಷ ಮಾತ್ರ; ಅದಲ್ಲದೆ ಅವು ಹೈಡ್ರೋಜನ್ ಅನಿಲವನ್ನು ಬಿಡುತ್ತಿದ್ದುದರಿಂದ ಸಾಧನವನ್ನು ಗಾಳಿಯಾಡದಂತೆ ಮುಚ್ಚುವಂತಿರಲಿಲ್ಲ, ಮುಚ್ಚದಿದ್ದರೆ ದೇಹದ ತೇವವು ನುಸುಳದೆ ಇರುತ್ತಿರಲಿಲ್ಲ. ಫ್ರಾನ್ಸಿನಲ್ಲಿ 1970ರಲ್ಲಿ ಪ್ಲುಟೋನಿಯಮ್-238ರ ಶಾಖದಿಂದ ನಡೆಯುವ ಪರಮಾಣು ಪೇಸ್‌ಮೇಕರನ್ನು ಮೊದಲ ಬಾರಿ ಸ್ಥಾಪಿಸಿದರು. ಅದು ದಶಕಗಳ ಕಾಲ ಬಾಳಿತಾದರೂ ವಿಷಯುಕ್ತ ವಿಕಿರಣದ್ರವ್ಯದ ಲೆಕ್ಕವನ್ನು ರೋಗಿಯ ಮರಣದವರೆಗೂ ಇಡಬೇಕಾದ ಭಾರದಿಂದ ಕೈಬಿಟ್ಟುಹೋಯಿತು. ಗ್ರೇಟ್‌ಬ್ಯಾಚ್ ಅಭಿವೃದ್ಧಿಗೊಳಿಸಿ 1972ರಿಂದ ಬಳಕೆಗೆ ಬಂದ ಲಿಥಿಯಮ್-ಅಯೊಡಿನ್ ಕೋಶವು ಅನಿಲವನ್ನು ಬಿಡದ ಘನರೂಪದ ಕೋಶವಾದುದರಿಂದ, ಎರಡು ದೋಷಗಳೂ ಏಕಕಾಲಕ್ಕೆ ನೀಗಿದುವು: ಆಯುಷ್ಯ ಹಲವು ಪಟ್ಟು ಬೆಳೆಯಿತು, ಬೆಸೆದು ಮುಚ್ಚಿದ ಟೈಟೇನಿಯಮ್ ಕವಚವೂ ಸಾಧ್ಯವಾಯಿತು. ಈ ಕ್ಷೇತ್ರದ ಇತಿಹಾಸದಲ್ಲಿ ಟ್ರಾನ್ಸಿಸ್ಟರಿಗೆ ಯಾವ ಸ್ಥಾನವೋ ಈ ಕೋಶಕ್ಕೂ ಅದೇ ಸ್ಥಾನ ಸಲ್ಲತಕ್ಕುದು.

ಸಂವೇದಕಗಳ ಶಾಖೆಯು ಬೇರೆ ದಾರಿಯಿಂದ ಬೆಳೆಯಿತು. ಸ್ಟುವರ್ಟ್ ಮೆಕೆ ಮತ್ತು ಬರ್ಟಿಲ್ ಯಾಕೊಬ್ಸನ್ 1957ರಲ್ಲಿ, ಒಂದೇ ಟ್ರಾನ್ಸಿಸ್ಟರಿನ ರೇಡಿಯೋ ಪ್ರೇಷಕವನ್ನು ನುಂಗುವ ಗುಳಿಗೆಯಲ್ಲಿ ಅಡಗಿಸಿ, ಜಠರ ಮತ್ತು ಕರುಳಿನೊಳಗಣ ಒತ್ತಡ ಹಾಗೂ ಉಷ್ಣತೆಗಳನ್ನು ಹೊರಗೆ ಕೇಳಿಸಿದರು. ಅಮೆರಿಕದ ಲೆಲಂಡ್ ಕ್ಲಾರ್ಕ್ 1956ರಲ್ಲಿ ಆಮ್ಲಜನಕದ ವಿದ್ಯುದ್ವಾರವನ್ನು ಪ್ರಕಟಿಸಿ, 1962ರಲ್ಲಿ ಚಾಂಪ್ ಲಯನ್ಸ್‌ನೊಡನೆ ಅದಕ್ಕೆ ಕಿಣ್ವವೊಂದನ್ನು ಜೋಡಿಸಿ ಗ್ಲೂಕೋಸನ್ನು ಅಳೆಯುವ ಮಾರ್ಗವನ್ನು ತೋರಿಸಿದನು. ಇಂದಿನ ಎಲ್ಲ ಜೈವಿಕ ಸಂವೇದಕಗಳ ಮೂಲವು ಈ ಕೆಲಸದಲ್ಲಿದೆ.

ರಚನೆ

ಬಹುತೇಕ ಪ್ರಭೇದಗಳಲ್ಲಿ ವಿದ್ಯುದ್ವಾರ ಅಥವಾ ಸಂವೇದಕ, ವರ್ಧಕ, ಸಂಜ್ಞೆಯನ್ನು ಅಂಕಿಗಳಾಗಿ ಬದಲಿಸುವ ಪರಿವರ್ತಕ, ನಿಯಂತ್ರಕ ಚಿಪ್ಪು, ದೂರಮಾಪನದ ರೇಡಿಯೋ, ಶಕ್ತಿಯ ಆಕರ ಮತ್ತು ಕವಚ ಎಂಬ ಅಂಗಗಳನ್ನು ಕಾಣಬಹುದು.

ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ವಿದ್ಯುದ್ವಾರ. ಲೋಹದಲ್ಲಿ ವಿದ್ಯುತ್ತನ್ನು ಒಯ್ಯುವುವು ಇಲೆಕ್ಟ್ರಾನುಗಳು, ದೇಹದ್ರವದಲ್ಲಿ ಸೋಡಿಯಮ್, ಕ್ಲೋರೈಡ್ ಮೊದಲಾದ ಅಯಾನುಗಳು. ಈ ಎರಡು ರಾಜ್ಯಗಳ ಗಡಿಯಲ್ಲಿ ಆವೇಶವು ಕೈ ಬದಲಿಸುವಾಗ, ಪ್ರವಾಹವು ಒಂದೇ ದಿಕ್ಕಿನಲ್ಲಿ ಹರಿಯುತ್ತಹೋದರೆ ಲೋಹ ಕರಗುತ್ತದೆ, ನೀರು ವಿಭಜಿತವಾಗುತ್ತದೆ, ಸುತ್ತಣ ಅಂಗಾಂಶ ಸಾಯುತ್ತದೆ. ಆದುದರಿಂದ ಪ್ರತಿಯೊಂದು ಪ್ರಚೋದಕ ಸ್ಪಂದದ ಹಿಂದೆಯೇ ಅಷ್ಟೇ ಆವೇಶದ ವಿರುದ್ಧ ಸ್ಪಂದವನ್ನು ಕೊಟ್ಟು ಲೆಕ್ಕವನ್ನು ಸೊನ್ನೆಗೆ ತರುವುದು ಎಲ್ಲ ಪ್ರಚೋದಕಗಳ ಮೂಲನಿಯಮ. ಪ್ಲಾಟಿನಮ್ ಮತ್ತು ಪ್ಲಾಟಿನಮ್-ಇರಿಡಿಯಮ್ ಮಿಶ್ರಲೋಹಗಳು ಈ ಕೆಲಸಕ್ಕೆ ದೀರ್ಘಕಾಲದಿಂದ ಪ್ರಶಸ್ತವೆನಿಸಿವೆ. ದೇಹವಾದರೋ ಹೊರಗಿನಿಂದ ಬಂದ ಯಾವ ವಸ್ತುವನ್ನೂ ಸುಮ್ಮನೆ ಬಿಡದೆ ನಾರಿನಂಥ ಪೊರೆಯಿಂದ ಸುತ್ತುಗಟ್ಟುವುದು. ಪೊರೆ ದಪ್ಪವಾದಷ್ಟೂ ಪ್ರಚೋದನೆಗೆ ಹೆಚ್ಚು ಶಕ್ತಿ ಬೇಕು, ಸಂವೇದಕದ ಅಳತೆಯೂ ಕ್ರಮೇಣ ದಾರಿತಪ್ಪುವುದು. ಪೇಸ್‌ಮೇಕರಿನ ತಂತಿಯ ತುದಿಯಲ್ಲಿ ಸ್ಟೀರಾಯ್ಡ್ ಔಷಧವನ್ನು ಲೇಶಲೇಶವಾಗಿ ಸ್ರವಿಸುವ ವಿದ್ಯುದ್ವಾರಗಳು 1980ರ ದಶಕದಲ್ಲಿ ಬಂದುದು ಈ ಉರಿಯೂತವನ್ನು ತಗ್ಗಿಸುವ ಸಲುವಾಗಿ. ಬ್ಯಾಟರಿಯ ಆಯುಷ್ಯ ಹೆಚ್ಚುವುದಕ್ಕೆ ಹೀಗೆ ಔಷಧವೂ ಕಾರಣವಾಯಿತೆಂಬುದು ಗಮನಾರ್ಹ.

ದೇಹದ ಸಂಜ್ಞೆಗಳು ಕ್ಷೀಣವಾದುವು. ಹೃದಯದ ಒಳಗೋಡೆಯಲ್ಲಿ ದೊರೆಯುವ ಸಂಜ್ಞೆ ಕೆಲವು ಮಿಲಿವೋಲ್ಟ್. ಎದೆಯ ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟ್. ಮೆದುಳಿನಲ್ಲಿ ಒಂದೊಂದು ನರಕೋಶದ ಸ್ಪಂದವು ಹತ್ತಾರು, ಹೆಚ್ಚೆಂದರೆ ಕೆಲವು ನೂರು ಮೈಕ್ರೋವೋಲ್ಟ್. ಇವನ್ನು ಹಿಗ್ಗಿಸುವ ವರ್ಧಕವು ತನ್ನದೇ ಗದ್ದಲವನ್ನು ಸೇರಿಸುವುದು ಪ್ರಕೃತಿನಿಯಮ. ಉಷ್ಣಜನ್ಯ ಗದ್ದಲವನ್ನು ಅರ್ಧಕ್ಕಿಳಿಸಬೇಕಾದರೆ ವರ್ಧಕದ ಪ್ರವಾಹವನ್ನು ನಾಲ್ಮಡಿ ಮಾಡಬೇಕಾಗುವುದರಿಂದ, ಸ್ಪಷ್ಟತೆಯನ್ನು ಶಕ್ತಿಯ ಬೆಲೆ ಕೊಟ್ಟೇ ಕೊಳ್ಳಬೇಕು. ಎಷ್ಟು ಸ್ಪಷ್ಟತೆ ಸಾಕು ಎಂಬ ತೀರ್ಮಾನವೇ ಇಲ್ಲಿ ವಿನ್ಯಾಸಕನ ವಿವೇಕದ ಪರೀಕ್ಷೆ.

ಕವಚವು ಸಾಮಾನ್ಯವಾಗಿ ಲೇಸರಿನಿಂದ ಬೆಸೆದ ಟೈಟೇನಿಯಮ್. ತಂತಿಗಳು ಹೊರಬರುವೆಡೆ ಪಿಂಗಾಣಿಯ ನಿರೋಧಕದಲ್ಲಿ ಲೋಹದ ಕಡ್ಡಿಗಳನ್ನು ಹಾಯಿಸಿ ಬಿಗಿಗೊಳಿಸುತ್ತಾರೆ. ತಂತಿಗಳಿಗೆ ಸಿಲಿಕೋನ್ ಅಥವಾ ಪಾಲಿಯುರಿಥೇನ್ ಹೊದಿಕೆಯುಂಟು.

ಶಕ್ತಿಯ ಲೆಕ್ಕ

ಈ ಸಾಧನಗಳ ವಿನ್ಯಾಸವನ್ನೆಲ್ಲ ಆಳುವುದು ಶಕ್ತಿಯ ಅಭಾವ. ಬ್ಯಾಟರಿ ಮುಗಿದಾಗ ಮತ್ತೊಮ್ಮೆ ಶಸ್ತ್ರಕ್ರಿಯೆಯೇ ಗತಿಯಾದುದರಿಂದ, ಇಲ್ಲಿ ಉಳಿಸಿದ ಒಂದೊಂದು ಮೈಕ್ರೋವಾಟ್ ರೋಗಿಯ ಶರೀರಕ್ಕೆ ತಪ್ಪಿದ ಗಾಯದ ಅಂಶವೆಂದೇ ಎಣಿಸಬೇಕು. ಇದನ್ನು ಒಂದು ಪೇಸ್‌ಮೇಕರಿನ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಹೃದಯಕ್ಕೆ ಕೊಡುವ ಸ್ಪಂದ 2.5 ವೋಲ್ಟ್, ಅದರ ಅವಧಿ 0.4 ಮಿಲಿಸೆಕೆಂಡ್, ತಂತಿ ಮತ್ತು ಅಂಗಾಂಶಗಳ ರೋಧ 500 ಓಮ್ ಎಂದಿಟ್ಟುಕೊಂಡರೆ, ಒಂದು ಸ್ಪಂದಕ್ಕೆ 5 ಮೈಕ್ರೋಜೂಲ್ ವ್ಯಯವಾಗುತ್ತದೆ. ನಿಮಿಷಕ್ಕೆ 70ರಂತೆ ದಿನಕ್ಕೆ ಸುಮಾರು ಒಂದು ಲಕ್ಷ ಸ್ಪಂದಗಳಾದರೂ ಒಟ್ಟು ವ್ಯಯ ಅರ್ಧ ಜೂಲ್ ಮಾತ್ರ. ಬ್ಯಾಟರಿಯ ಧಾರಣೆ 1 ಆಂಪಿಯರ್-ಗಂಟೆ ಎಂದೂ, ಸ್ಪಂದ, ಸಂವೇದನೆ, ಗಣನೆಗಳೆಲ್ಲ ಸೇರಿ ಸರಾಸರಿ 10 ಮೈಕ್ರೋಆಂಪಿಯರ್ ಪ್ರವಾಹವೆಂದೂ ಹಿಡಿದರೆ, ಅದು ಒಂದು ಲಕ್ಷ ಗಂಟೆ, ಅರ್ಥಾತ್ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ನಡೆಯುವುದು. ಮನೆಯ ಉಪಕರಣಗಳ ಮೇಲೆ ಮಿನುಗುವ, 10 ಮಿಲಿಆಂಪಿಯರ್ ಎಳೆಯುವ ಸಣ್ಣ ಸೂಚಕ ದೀಪವೊಂದನ್ನು ಇದೇ ಬ್ಯಾಟರಿಗೆ ಜೋಡಿಸಿದರೆ ನಾಲ್ಕು ದಿನಗಳಲ್ಲಿ ಅದು ಬರಿದಾಗುತ್ತದೆ.

ಇಂತಹ ಮಿತವ್ಯಯ ಸಾಧ್ಯವಾದುದು ಮುಖ್ಯವಾಗಿ ಮೂರು ಉಪಾಯಗಳಿಂದ. ಫ್ರಾಂಕ್ ವಾನ್‌ಲಾಸ್ 1963ರಲ್ಲಿ ಪ್ರಕಟಿಸಿದ ಸೀಮಾಸ್ ಎಂಬ ಪೂರಕ ಟ್ರಾನ್ಸಿಸ್ಟರುಗಳ ಮಂಡಲವು ಸ್ಥಿತಿ ಬದಲಿಸುವಾಗಷ್ಟೆ ಗಣನೀಯ ಶಕ್ತಿಯನ್ನು ಬಳಸುತ್ತದೆ. ಆ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಪಾತವಾದುದರಿಂದ, ವೋಲ್ಟೇಜನ್ನು ಅರ್ಧ ಮಾಡಿದರೆ ವ್ಯಯ ಕಾಲುಭಾಗಕ್ಕಿಳಿಯುತ್ತದೆ. ಎರಡನೆಯದಾಗಿ, ಟ್ರಾನ್ಸಿಸ್ಟರನ್ನು ಅದರ ಹೊಸ್ತಿಲ ವೋಲ್ಟೇಜಿನ ಕೆಳಗೆ, ಸಾಮಾನ್ಯ ವಿನ್ಯಾಸಕರು ಆರಿಹೋಗಿದೆಯೆಂದು ಪರಿಗಣಿಸುವ ಸ್ಥಿತಿಯಲ್ಲಿಯೇ ದುಡಿಸಿಕೊಳ್ಳುವುದು. ಆ ಸ್ಥಿತಿಯಲ್ಲಿ ಹರಿಯುವ ನ್ಯಾನೋಆಂಪಿಯರ್ ಪ್ರವಾಹವನ್ನು ಕ್ರಮಬದ್ಧವಾಗಿ ಬಳಸುವ ವಿಧಾನವನ್ನು ಸ್ವಿಟ್ಜರ್ಲೆಂಡಿನಲ್ಲಿ ಕೈಗಡಿಯಾರಗಳ ಚಿಪ್ಪುಗಳಿಗಾಗಿ ಶ್ರಮಿಸುತ್ತಿದ್ದ ಎರಿಕ್ ವಿಟ್ಟೋಝ್ ಮತ್ತು ಜಾನ್ ಫೆಲ್‌ರಾತ್ 1977ರಲ್ಲಿ ನಿರೂಪಿಸಿದರು. ಹೃದಯ ಮತ್ತು ನರಗಳ ಸಂಜ್ಞೆಗಳು ಸೆಕೆಂಡಿಗೆ ಕೆಲವು ಸಾವಿರ ಕಂಪನಗಳನ್ನು ಮೀರದ ನಿಧಾನಸಂಜ್ಞೆಗಳಾದುದರಿಂದ, ಈ ವಿಧಾನದ ಮಂದಗತಿ ಇಲ್ಲಿ ದೋಷವೆನಿಸದು. ಕಾಕ್ಲಿಯರ್ ಇಂಪ್ಲಾಂಟಿನ ಧ್ವನಿಸಂಸ್ಕರಣವನ್ನು ಇದೇ ಮಾರ್ಗದಲ್ಲಿ ಒಂದು ಮಿಲಿವಾಟ್‌ಗಿಂತ ಕಡಿಮೆ ಶಕ್ತಿಯಲ್ಲಿ ಮಾಡಿಮುಗಿಸುವ ಚಿಪ್ಪುಗಳನ್ನು ರಾಹುಲ್ ಸರಪೇಶ್ಕರ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ರಚಿಸಿ ತೋರಿಸಿದ್ದಾರೆ. ಮೂರನೆಯ ಉಪಾಯ ನಿದ್ರೆ: ಕೆಲಸವಿಲ್ಲದ ಭಾಗಗಳನ್ನೆಲ್ಲ ಆರಿಸಿ, ಒಂದು ಸಣ್ಣ ಕಾವಲುಮಂಡಲವನ್ನಷ್ಟೆ ಎಚ್ಚರವಾಗಿರಿಸುವುದು.

ಬ್ಯಾಟರಿಯನ್ನೇ ಬಿಟ್ಟ ಸಾಧನಗಳೂ ಇವೆ. ಹೊರಗಿನ ಸುರುಳಿಯಿಂದ ಒಳಗಿನ ಸುರುಳಿಗೆ ಪ್ರೇರಣೆಯಿಂದ ಶಕ್ತಿಯನ್ನು ದಾಟಿಸುವುದು ಕಾಕ್ಲಿಯರ್ ಇಂಪ್ಲಾಂಟಿನ ಕ್ರಮ. ಸುರುಳಿಗಳು ಕೆಲವು ಮಿಲಿಮೀಟರಿಗಿಂತ ಕಿರಿದಾದಾಗ ಪ್ರೇರಣೆ ನಿಷ್ಫಲವಾಗುವುದರಿಂದ ಶ್ರವಣಾತೀತ ಧ್ವನಿಯನ್ನು ಶಕ್ತಿವಾಹಕವಾಗಿ ಬಳಸುವ ಪ್ರಯತ್ನಗಳಾಗಿವೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರು ಇಂತಹ ಮಿಲಿಮೀಟರ್ ಗಾತ್ರದ ನರಸಂವೇದಕವನ್ನು 2016ರಲ್ಲಿ ಇಲಿಗಳಲ್ಲಿ ಪರೀಕ್ಷಿಸಿದರು. ದೂರಮಾಪನಕ್ಕಾಗಿ 402ರಿಂದ 405 ಮೆಗಾಹರ್ಟ್ಸ್ ಆವರ್ತಾಂಕ ಪಟ್ಟಿಯನ್ನು ಮೀಸಲಿಟ್ಟು, ಪ್ರಸಾರದ ಶಕ್ತಿಯನ್ನು 25 ಮೈಕ್ರೋವಾಟ್‌ಗೆ ಸೀಮಿತಗೊಳಿಸುವ ಕ್ರಮ 1999ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಇತರ ದೇಶಗಳಲ್ಲಿಯೂ ರೂಢಿಗೆ ಬಂದಿತು.

ಪ್ರಭೇದಗಳು

ಹೃದಯದ ಸಾಧನಗಳು. ಪೇಸ್‌ಮೇಕರನ್ನು ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಸಣ್ಣ ಚೀಲದಂತೆ ಬಿಡಿಸಿದ ಜಾಗದಲ್ಲಿ ಇರಿಸಿ, ಅದರ ತಂತಿಯನ್ನು ಅಭಿಧಮನಿಯ ಮೂಲಕ ಬಲ ಹೃತ್ಕುಕ್ಷಿಗೂ, ಅವಶ್ಯವಾದಲ್ಲಿ ಇನ್ನೊಂದನ್ನು ಬಲ ಹೃತ್ಕರ್ಣಕ್ಕೂ ಸಾಗಿಸುತ್ತಾರೆ. ಆರಂಭದ ಸಾಧನಗಳು ಹೃದಯವು ತಾನಾಗಿ ಬಡಿಯುತ್ತಿದ್ದರೂ ಇಲ್ಲದಿದ್ದರೂ ಒಂದೇ ಗತಿಯಲ್ಲಿ ಸ್ಪಂದ ಕೊಡುತ್ತಿದ್ದುವು. 1960ರ ದಶಕದ ಮಧ್ಯದಲ್ಲಿ ಬರೂಹ್ ಬರ್ಕೋವಿಟ್ಸ್ ರಚಿಸಿದ ಬೇಡಿಕೆಯ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಕೇಳಿಸಿಕೊಂಡು, ಅದು ತಪ್ಪಿದಾಗ ಮಾತ್ರ ಸ್ಪಂದಿಸತೊಡಗಿತು. ಸಂವೇದನೆಯೂ ಪ್ರಚೋದನೆಯೂ ಒಂದೇ ತಂತಿಯಲ್ಲಿ ಸಂಗಮಿಸಿದ ಈ ಹೆಜ್ಜೆಯಿಂದಲೇ ಸಂವೃತಮಂಡಲ ಸಾಧನಗಳ ಯುಗ ಮೊದಲಾಯಿತೆನ್ನಬಹುದು. ಈಗಿನ ಸಾಧನಗಳಲ್ಲಿ ದೇಹದ ಅಲುಗಾಟವನ್ನು ಅಳೆಯುವ ವೇಗೋತ್ಕರ್ಷ ಸಂವೇದಕವೂ ಇದ್ದು, ರೋಗಿಯು ಮೆಟ್ಟಿಲೇರುವಾಗ ಬಡಿತವನ್ನು ಏರಿಸುತ್ತದೆ. ತಂತಿಯನ್ನೇ ತೊರೆದು, ತೊಡೆಯ ಅಭಿಧಮನಿಯ ಮೂಲಕ ಹೃತ್ಕುಕ್ಷಿಯೊಳಕ್ಕೇ ಸೇರಿಸುವ, ಸುಮಾರು 26 ಮಿಲಿಮೀಟರ್ ಉದ್ದದ, 2 ಗ್ರಾಮಿಗೂ ಕಡಿಮೆ ತೂಕದ ಮೈಕ್ರಾ ಎಂಬ ಸಾಧನವು 2013ರಲ್ಲಿ ಆಸ್ಟ್ರಿಯದಲ್ಲಿ ಮೊದಲ ಬಾರಿ ಸ್ಥಾಪಿತವಾಯಿತು.

ಪೇಸ್‌ಮೇಕರಿಗೆ ಸಹೋದರವೆನ್ನಬಹುದಾದ ಐಸಿಡಿ ಎಂಬ ಸಾಧನವು, ಹೃತ್ಕುಕ್ಷಿಯು ಬಡಿಯುವುದನ್ನು ಬಿಟ್ಟು ಕಂಪಿಸತೊಡಗಿದ ಮಾರಕ ಸ್ಥಿತಿಯನ್ನು ಗುರುತಿಸಿ, ಧಾರಕಗಳನ್ನು ಸುಮಾರು ಹತ್ತು ಸೆಕೆಂಡುಗಳಲ್ಲಿ ಏಳೆಂಟು ನೂರು ವೋಲ್ಟುಗಳಿಗೆ ತುಂಬಿ, 30ರಿಂದ 40 ಜೂಲ್‌ಗಳ ಒಂದೇ ಆಘಾತದಿಂದ ಹೃದಯವನ್ನು ಸರಿದಾರಿಗೆ ತರುತ್ತದೆ. ಆಪ್ತಮಿತ್ರನೊಬ್ಬನು ಹಠಾತ್ ಹೃದಯಸ್ತಂಭನದಿಂದ ಸತ್ತ ಬಳಿಕ ಇದರ ಕಲ್ಪನೆಯನ್ನು ಹಿಡಿದು, ಅನೇಕ ತಜ್ಞರ ವಿರೋಧದ ನಡುವೆಯೂ ಸಾಧಿಸಿದ ಮಿಷೆಲ್ ಮಿರೋವ್ಸ್ಕಿಯ ಸಾಧನವು 1980ರ ಫೆಬ್ರವರಿಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಸ್ಥಾಪಿತವಾಯಿತು. ವರ್ಷಗಟ್ಟಲೆ ಮೈಕ್ರೋಆಂಪಿಯರುಗಳಲ್ಲಿ ಕಾಯುತ್ತಿದ್ದು ಕ್ಷಣಮಾತ್ರದಲ್ಲಿ ಆಂಪಿಯರುಗಳನ್ನು ಕೊಡಬೇಕಾದ ಕಾರಣ ಇದರ ಬ್ಯಾಟರಿ ಬೇರೆಯೇ ರಸಾಯನದ್ದು: ಲಿಥಿಯಮ್ ಮತ್ತು ಬೆಳ್ಳಿ-ವೆನೇಡಿಯಮ್ ಆಕ್ಸೈಡ್.

ಶ್ವಾಸಕೋಶದ ಅಪಧಮನಿಯಲ್ಲಿ ನೆಲೆಗೊಳ್ಳುವ ಕಾರ್ಡಿಯೋಮೆಮ್ಸ್ ಒತ್ತಡ ಸಂವೇದಕದಲ್ಲಿ ಬ್ಯಾಟರಿಯೂ ಇಲ್ಲ, ಟ್ರಾನ್ಸಿಸ್ಟರೂ ಇಲ್ಲ. ಒಂದು ಸುರುಳಿ, ರಕ್ತದ ಒತ್ತಡಕ್ಕೆ ಬಾಗುವ ಒಂದು ಧಾರಕ ಇವಿಷ್ಟೆ. ಹೊರಗಿನ ಆಂಟೆನ್ನವು ರೇಡಿಯೋ ತರಂಗದಿಂದ ತಟ್ಟಿದಾಗ ಅದು ಅನುರಣಿಸುವ ಆವರ್ತಾಂಕದಿಂದ ಒತ್ತಡ ತಿಳಿಯುತ್ತದೆ. ಹೃದಯದೌರ್ಬಲ್ಯದ ರೋಗಿಯಲ್ಲಿ ಕಾಲು ಬಾತು ಉಸಿರು ಕಟ್ಟುವ ಮೊದಲೇ ಈ ಒತ್ತಡ ಏರುವುದರಿಂದ ಔಷಧವನ್ನು ಮುಂಚಿತವಾಗಿ ಸರಿಪಡಿಸಲು ಅನುಕೂಲ. ಅಮೆರಿಕದಲ್ಲಿ 2014ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅಲ್ಪಶಕ್ತಿಯ ವಿನ್ಯಾಸದಲ್ಲಿ ಇದಕ್ಕಿಂತ ಸರಳವಾದ ಸಿದ್ಧಿ ಮತ್ತೊಂದಿಲ್ಲ.

ಶ್ರವಣದ ಸಾಧನಗಳು. ಒಳಕಿವಿಯ ಶಂಖಾಕೃತಿಯ ಕಾಕ್ಲಿಯದಲ್ಲಿ ರೋಮಕೋಶಗಳು ನಾಶವಾಗಿ, ಶ್ರವಣನರವು ಉಳಿದಿರುವ ಕಿವುಡುತನಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಪರಿಹಾರ. ಪ್ಯಾರಿಸಿನಲ್ಲಿ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಏರಿಯೆಸ್ 1957ರಲ್ಲಿ ಶ್ರವಣನರವನ್ನು ನೇರವಾಗಿ ಪ್ರಚೋದಿಸಿದರು. ಲಾಸ್ ಏಂಜಲಿಸ್‌ನ ವಿಲಿಯಂ ಹೌಸ್ ಏಕವಾಹಿನಿಯ ಸಾಧನವನ್ನು ಬೆಳೆಸಿದನು. ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುವಾಹಿನಿಯ ಸಾಧನವನ್ನು ಸ್ಥಾಪಿಸಿದನು. ಕಿವಿಯ ಹಿಂದಿನ ಸಂಸ್ಕಾರಕವು ಧ್ವನಿಯನ್ನು ಆವರ್ತಾಂಕಗಳಿಗೆ ಅನುಸಾರವಾಗಿ ವಿಂಗಡಿಸಿ, ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಸುರುಳಿಯ ಮೂಲಕ ಶಕ್ತಿಯನ್ನೂ ಸಂದೇಶವನ್ನೂ ಒಳಗೆ ದಾಟಿಸುತ್ತದೆ; ಒಳಗಿನ ಭಾಗವು ಕಾಕ್ಲಿಯದ ಸುರುಳಿಯುದ್ದಕ್ಕೂ ಹಾಸಿದ 12ರಿಂದ 22 ವಿದ್ಯುದ್ವಾರಗಳಲ್ಲಿ ತಕ್ಕುದನ್ನು ಮೀಟುತ್ತದೆ. ವಿದ್ಯುದ್ವಾರಗಳನ್ನು ಏಕಕಾಲಕ್ಕೆ ಪ್ರಚೋದಿಸಿದರೆ ಪ್ರವಾಹಗಳು ಒಂದರಲ್ಲೊಂದು ಬೆರೆತು ಮಾತು ಕಲಸಿಹೋಗುವುದನ್ನು ತಪ್ಪಿಸಲು, ಅವನ್ನು ಸರದಿಯಂತೆ ಅತಿವೇಗವಾಗಿ ಮೀಟುವ ವಿಧಾನವನ್ನು ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಮೇಲೆ, ಬರಿಯ ಸದ್ದು ಕೇಳಿಸುತ್ತಿದ್ದಲ್ಲಿ ಮಾತು ಅರ್ಥವಾಗತೊಡಗಿತು. ಹುಟ್ಟುಕಿವುಡು ಮಕ್ಕಳಲ್ಲಿ ಮೆದುಳು ಭಾಷೆಯನ್ನು ಕಲಿಯುವ ಎಳೆಯ ವಯಸ್ಸಿನಲ್ಲಿಯೇ ಇದನ್ನು ಸ್ಥಾಪಿಸಿ, ತರುವಾಯ ದೀರ್ಘಕಾಲ ವಾಕ್ ತರಬೇತಿಯನ್ನು ಕೊಡದಿದ್ದರೆ ಪ್ರಯೋಜನ ಬಹಳ ಕುಗ್ಗುತ್ತದೆ.

ನರಮಂಡಲದ ಸಾಧನಗಳು. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಆಲಿಂ-ಲೂಯಿ ಬೆನಬಿದ್ 1987ರಲ್ಲಿ, ಶಸ್ತ್ರಕ್ರಿಯೆಯ ನಡುವೆ ಸೆಕೆಂಡಿಗೆ ನೂರಕ್ಕೂ ಮಿಕ್ಕ ಸ್ಪಂದಗಳನ್ನು ಕೊಟ್ಟಾಗ ರೋಗಿಯ ನಡುಕವು ತಟ್ಟನೆ ನಿಲ್ಲುವುದನ್ನು ಗಮನಿಸಿದುದು ಮೆದುಳಿನ ಆಳ ಪ್ರಚೋದನೆಯ ಆರಂಭ. ಮೆದುಳಿನ ನಡುಭಾಗಕ್ಕೆ ಇಳಿಸಿದ ತಂತಿಯು ಚರ್ಮದಡಿಯಲ್ಲಿ ಕೊರಳನ್ನು ಹಾದು ಎದೆಯಲ್ಲಿನ ಪ್ರಚೋದಕವನ್ನು ಸೇರುತ್ತದೆ. ಬೆನ್ನುಹುರಿಯ ಪ್ರಚೋದಕ ದೀರ್ಘಕಾಲದ ನೋವಿಗೂ, ವೇಗಸ್ ನರದ ಪ್ರಚೋದಕ ಅಪಸ್ಮಾರಕ್ಕೂ ಬಳಕೆಯಲ್ಲಿವೆ. ಅಂಗವೈಕಲ್ಯವುಳ್ಳವರು ಬರಿಯ ಸಂಕಲ್ಪದಿಂದ ಗಣಕಯಂತ್ರವನ್ನು ನಡೆಸುವಂತೆ ಮೆದುಳಿನ ಹೊರಪದರದಲ್ಲಿ ವಿದ್ಯುದ್ವಾರಗಳನ್ನು ನೆಡುವ ಪ್ರಯೋಗಗಳು, 4 ಮಿಲಿಮೀಟರ್ ಚದರದಲ್ಲಿ ನೂರು ಸೂಜಿಗಳುಳ್ಳ ಯೂಟಾ ವ್ಯೂಹದಿಂದ ಆರಂಭಿಸಿ ಮುಂದುವರಿದಿವೆ. 2024ರ ಜನವರಿಯಲ್ಲಿ 1024 ವಿದ್ಯುದ್ವಾರಗಳ ನಿಸ್ತಂತು ಸಾಧನವೊಂದು ಅಮೆರಿಕದಲ್ಲಿ ಮೊದಲ ವ್ಯಕ್ತಿಗೆ ಸ್ಥಾಪಿತವಾಯಿತು. ಇವು ಇನ್ನೂ ಪರೀಕ್ಷೆಯ ಹಂತದವು.

ದೃಷ್ಟಿಯ ಸಾಧನಗಳು. ಅಕ್ಷಿಪಟಲವು ಕ್ಷಯಿಸಿದವರಿಗಾಗಿ 60 ವಿದ್ಯುದ್ವಾರಗಳ ಆರ್ಗಸ್-2 ಎಂಬ ಸಾಧನಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆಯಿತು. ತಯಾರಕರು 2019ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿದ ಮೇಲೆ, ಅದನ್ನು ಕಣ್ಣಿನಲ್ಲಿ ಹೊತ್ತವರು ದುರಸ್ತಿಗೂ ಬಿಡಿಭಾಗಗಳಿಗೂ ಗತಿಯಿಲ್ಲದವರಾದರು. ಸಾಧನದ ಆಯುಷ್ಯಕ್ಕಿಂತ ಸಂಸ್ಥೆಯ ಆಯುಷ್ಯ ಕಿರಿದಾದಾಗ ಉಂಟಾಗುವ ಈ ದುರವಸ್ಥೆಗೆ ಕಾನೂನಿನಲ್ಲಿ ತಕ್ಕ ಪರಿಹಾರವಿರಬೇಕಾದುದು ಅತ್ಯಗತ್ಯ.

ಗ್ಲೂಕೋಸ್ ಸಂವೇದಕಗಳು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಟಿನಮ್ ವಿದ್ಯುದ್ವಾರಕ್ಕೆ ಇಲೆಕ್ಟ್ರಾನುಗಳನ್ನು ಕೊಡುತ್ತದೆ. ಹೀಗೆ ಉಂಟಾದ ನ್ಯಾನೋಆಂಪಿಯರ್ ಪ್ರವಾಹವೇ ಸಕ್ಕರೆಯ ಅಳತೆ. ತೋಳಿಗೋ ಹೊಟ್ಟೆಗೋ ಅಂಟಿಸಿಕೊಂಡು, ಕೂದಲೆಳೆಯಂಥ ತಂತುವನ್ನು ಚರ್ಮದಡಿಗೆ ಇಳಿಸುವ ಈ ಸಂವೇದಕಗಳು ಒಂದೆರಡು ವಾರ ನಡೆಯುತ್ತವೆ. ರಕ್ತವನ್ನಲ್ಲದೆ ಕೋಶಗಳ ನಡುವಿನ ದ್ರವವನ್ನು ಅಳೆಯುವುದರಿಂದ ಅವುಗಳ ಅಂಕಿಯು ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದುಳಿಯುತ್ತದೆಂಬುದನ್ನು ಬಳಸುವವರು ಅರಿತಿರಬೇಕು. ಕಿಣ್ವದ ಬದಲು ಗ್ಲೂಕೋಸಿಗೆ ತಗುಲಿದಾಗ ಪ್ರಕಾಶಿಸುವ ದ್ರವ್ಯವನ್ನು ಬಳಸುವ, ಪೂರ್ಣವಾಗಿ ಚರ್ಮದಡಿಯಲ್ಲಿ ಹುದುಗುವ ಎವರ್‌ಸೆನ್ಸ್ ಎಂಬ ಸಂವೇದಕಕ್ಕೆ 2018ರಲ್ಲಿ 90 ದಿನಗಳಿಗೆ ದೊರೆತ ಅಮೆರಿಕದ ಅನುಮತಿ 2024ರಲ್ಲಿ ಒಂದು ವರ್ಷಕ್ಕೆ ವಿಸ್ತರಿಸಿತು.

ನುಂಗುವ ಸಾಧನಗಳು. ಇಸ್ರೇಲಿನ ಗವ್ರಿಯೇಲ್ ಇದ್ದಾನ್ ರೂಪಿಸಿ 2001ರಲ್ಲಿ ಬಳಕೆಗೆ ಬಂದ ಕ್ಯಾಮೆರಾ ಗುಳಿಗೆಯು 11 ಮಿಲಿಮೀಟರ್ ದಪ್ಪ, 26 ಮಿಲಿಮೀಟರ್ ಉದ್ದವಿದ್ದು, ಸೆಕೆಂಡಿಗೆ ಎರಡರಂತೆ ಸುಮಾರು ಎಂಟು ಗಂಟೆ ಕಾಲ ಸಣ್ಣ ಕರುಳಿನ ಚಿತ್ರಗಳನ್ನು ಕಳಿಸಿತು.

ಅಪಾಯಗಳು ಮತ್ತು ರಕ್ಷಣೆ

ಅಂತರರಾಷ್ಟ್ರೀಯ ಮಾನಕಗಳ ಪ್ರಕಾರ ಸಾಧನದ ಹೊರಮೈಯ ಉಷ್ಣತೆ ದೇಹದ ಸಹಜ ಉಷ್ಣತೆಗಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಕೂಡದು. ಅಲ್ಪಶಕ್ತಿಯ ವಿನ್ಯಾಸಕ್ಕೆ ಬ್ಯಾಟರಿಯಷ್ಟೇ ಇದೂ ಕಾರಣ. ಸ್ಥಾಪನೆಯ ಜಾಗದಲ್ಲಿ ಸೋಂಕು, ತಂತಿಯ ಮುರಿತ, ವಿದ್ಯುದ್ವಾರದ ಸ್ಥಳಾಂತರ ಇವು ವೈದ್ಯರು ಕಾಣುವ ಸಾಮಾನ್ಯ ತೊಡಕುಗಳು. ಪ್ರಬಲ ಕಾಂತಕ್ಷೇತ್ರದ ಎಂಆರ್‌ಐ ಪರೀಕ್ಷೆ ಹಳೆಯ ಸಾಧನಗಳಿದ್ದವರಿಗೆ ನಿಷಿದ್ಧವಾಗಿತ್ತು. ನಿಯಮಿತ ಷರತ್ತುಗಳಲ್ಲಿ ಅದನ್ನು ತಾಳಬಲ್ಲ ಪೇಸ್‌ಮೇಕರುಗಳು ಈಗ ಸಾಮಾನ್ಯವಾಗಿವೆ. ರೇಡಿಯೋ ಸಂಪರ್ಕದಿಂದ ಬಂದ ಹೊಸ ಅಪಾಯವೆಂದರೆ ಅನಧಿಕೃತ ಪ್ರವೇಶ. ಅಮೆರಿಕದ ವಿದ್ವಾಂಸರು 2008ರಲ್ಲಿ ಐಸಿಡಿಯೊಂದರ ರೇಡಿಯೋ ಭಾಷೆಯನ್ನು ಬಿಡಿಸಿ ಹೊರಗಿನಿಂದ ಆದೇಶ ಕೊಡಬಹುದೆಂದು ಪ್ರಯೋಗಾಲಯದಲ್ಲಿ ತೋರಿಸಿದರು. 2017ರಲ್ಲಿ ಅಮೆರಿಕದಲ್ಲಿನ ಸುಮಾರು 4,65,000 ಪೇಸ್‌ಮೇಕರುಗಳ ತಂತ್ರಾಂಶವನ್ನು ಇದೇ ಬಗೆಯ ದೌರ್ಬಲ್ಯದ ನಿವಾರಣೆಗಾಗಿ ನವೀಕರಿಸಬೇಕಾಯಿತು. ಗೂಢಲಿಪಿಯ ಗಣನೆಗೂ ಶಕ್ತಿ ಬೇಕಾದುದರಿಂದ ಇಲ್ಲಿ ರಕ್ಷಣೆಯೂ ಬ್ಯಾಟರಿಯ ಲೆಕ್ಕದೊಳಗೇ ಬರುತ್ತದೆ.

ಪ್ರಸಕ್ತ ಸ್ಥಿತಿ

ಕಾರ್ಯ ಮುಗಿದೊಡನೆ ದೇಹದಲ್ಲಿಯೇ ಕರಗಿಹೋಗುವ ತಾತ್ಕಾಲಿಕ ಪೇಸ್‌ಮೇಕರನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿ, 2025ರಲ್ಲಿ ಅದನ್ನು ಅಕ್ಕಿಯ ಕಾಳಿಗಿಂತ ಕಿರಿದಾಗಿಸಿದ್ದಾರೆ. ಹೃದಯ ಶಸ್ತ್ರಕ್ರಿಯೆಗೊಳಗಾದ ಶಿಶುಗಳು ಅವರ ಪ್ರಧಾನ ಲಕ್ಷ್ಯ.

ಭಾರತದಲ್ಲಿ ಈ ಸಾಧನಗಳು 2018ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಾವಳಿಯ ಅತ್ಯಂತ ಕಟ್ಟುನಿಟ್ಟಾದ ವರ್ಗಗಳಲ್ಲಿ ಬರುತ್ತವೆ. ದೇಶೀಯ ತಯಾರಿಕೆ ಅಲ್ಪ, ಬಹುಭಾಗ ಆಮದು. ಕರ್ನಾಟಕದಲ್ಲಿ ಹೃದಯದ ಸಾಧನಗಳನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿಯೂ, ಮೆದುಳಿನ ಆಳ ಪ್ರಚೋದಕಗಳನ್ನು ನಿಮ್ಹಾನ್ಸ್‌ನಲ್ಲಿಯೂ ಸ್ಥಾಪಿಸುತ್ತಾರೆ. ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಮಕ್ಕಳ ಶ್ರವಣಪರೀಕ್ಷೆ ಮತ್ತು ವಾಕ್ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಶ್ರಯವಾಗಿದೆ. ಬಡ ಕುಟುಂಬಗಳ ಮಕ್ಕಳಿಗೆ ಈ ಇಂಪ್ಲಾಂಟಿನ ವೆಚ್ಚವನ್ನು ಕೇಂದ್ರ ಸರ್ಕಾರದ ಯೋಜನೆಯ ಮೂಲಕ ಭರಿಸುವ ವ್ಯವಸ್ಥೆಯುಂಟು. ಚಿಪ್ಪಿನ ವಿನ್ಯಾಸದಲ್ಲಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದಂದಿನಿಂದ ಬೆಳೆದ ಕೌಶಲವೂ, ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮ ಸಂವೇದಕಗಳ ಸಂಶೋಧನೆಯೂ ನಗರದಲ್ಲಿ ಒಂದೆಡೆ ಕೂಡಿವೆ. ಪರಿಣತಿ ಇಷ್ಟಿದ್ದೂ ಪೂರ್ಣ ಸಾಧನವು ಇಲ್ಲಿ ರೂಪುಗೊಂಡು ರೋಗಿಯನ್ನು ತಲುಪುವುದು ವಿರಳವಾಗಿರುವುದಕ್ಕೆ ದೀರ್ಘಕಾಲದ ಪರೀಕ್ಷೆಗಳ ವೆಚ್ಚವೂ, ಕವಚ ಮತ್ತು ಬ್ಯಾಟರಿಗಳ ತಯಾರಿಕೆಯ ಅಭಾವವೂ ಮುಖ್ಯ ಕಾರಣಗಳು.

ದಹನಸಂಸ್ಕಾರದ ರೂಢಿಯುಳ್ಳ ದೇಶಗಳಲ್ಲಿ ಒಂದು ಎಚ್ಚರಿಕೆ ವಿಶೇಷವಾಗಿ ಅವಶ್ಯ. ಲಿಥಿಯಮ್ ಕೋಶವುಳ್ಳ ಪೇಸ್‌ಮೇಕರ್ ಬೆಂಕಿಯಲ್ಲಿ ಸಿಡಿಯುತ್ತದೆ. ವಿದ್ಯುತ್ ಚಿತಾಗಾರದ ಇಟ್ಟಿಗೆಗೂ ಅಲ್ಲಿನ ನೌಕರರಿಗೂ ಅದರಿಂದ ಹಾನಿಯುಂಟು. ಆದುದರಿಂದ ಇಂತಹ ಸಾಧನವನ್ನು ಧರಿಸಿದ ವ್ಯಕ್ತಿಯು ತೀರಿಕೊಂಡಾಗ, ಮನೆಯವರು ವೈದ್ಯರಿಗೆ ತಿಳಿಸಿ ದಹನಕ್ಕೆ ಮುಂಚೆ ಅದನ್ನು ತೆಗೆಸತಕ್ಕುದು. ಹಾಗೆ ತೆಗೆದ, ಬ್ಯಾಟರಿ ಉಳಿದಿರುವ ಸಾಧನಗಳನ್ನು ಶುದ್ಧೀಕರಿಸಿ ಬಡ ರೋಗಿಗಳಿಗೆ ಮತ್ತೆ ಸ್ಥಾಪಿಸಿದ ಅಧ್ಯಯನಗಳು ಮುಂಬಯಿಯಿಂದಲೂ ಪ್ರಕಟವಾಗಿವೆ. ಸಾಧನವನ್ನು ಧರಿಸಿದ ಪ್ರತಿಯೊಬ್ಬರೂ ಅದರ ಹೆಸರು, ಮಾದರಿ, ಸ್ಥಾಪನೆಯ ದಿನಾಂಕಗಳಿರುವ ಗುರುತಿನ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು. ಅದು ಎಲ್ಲಿದೆಯೆಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.